ವಾಳೆ ಮೀನಿನ ಕೋಲು

ಮೆಟ್ಟಿಲ ಕೆಳಗಿನ ಗೂಡಿನಲ್ಲಿ ವ್ಯಾಕ್ಯೂಮ್ ಕ್ಲೀನರ್ ಹುಡುಕುತ್ತಿದ್ದವಳ ಕೈಗೆ ಸಿಕ್ಕಿದ್ದು ಗಾಳದ ಕೋಲು. ಅದರ ಬಟ್ಟೆಯ ಚೀಲಕ್ಕೆ ಧೂಳು ಹಿಡಿದಿತ್ತು. ಹೊರಗೆಳೆದು, ಯಾಕೆಂದು ನನಗೇ ಗೊತ್ತಿಲ್ಲ, ಹಿಡಿಕೆಯನ್ನು ಮೂಗಿನ ಹತ್ತಿರ ತಂದೆ. ಲಾವಂಚದ ಅತ್ತರು. ತೀರಾ ತೆಳ್ಳಗೆ, ಇದೆಯೋ ಇಲ್ಲವೋ ಎನ್ನುವಷ್ಟು. ಆ ಹಿಡಿಕೆ ಕಾರ್ಕ್‌ನದು, ಬಾಟಲಿಗೆ ಬಿರಡೆ ಮಾಡುತ್ತಾರಲ್ಲ, ಅದೇ ಮೆದು ಮರದ ತೊಗಟೆ. ಒಮ್ಮೆ ಕುಡಿದ ವಾಸನೆಯನ್ನು ಅದು ಬೇಗ ಬಿಟ್ಟುಕೊಡುವುದಿಲ್ಲ. ಮನೆ ಗುಡಿಸುವ ಕೆಲಸ ಅಲ್ಲಿಗೇ ನಿಂತಿತು. ಕೋಲನ್ನು ತೊಡೆಯ ಮೇಲಿಟ್ಟುಕೊಂಡು ಮೆಟ್ಟಿಲ ಮೇಲೆ ಕುಳಿತೆ.

ಅದು ನನ್ನ ಮಾವನ ಕೋಲು. ಮಾವ ಹೊಸಪೇಟೆಯ ಬಜಾರಿನಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದವರು. ಅತ್ತೆ ತೀರಿಕೊಂಡ ಮೇಲೆ ಅಂಗಡಿಯನ್ನು ಕಿರಿಮಗನಿಗೆ ವಹಿಸಿ, ಮೊಮ್ಮಗಳನ್ನು ನೋಡಿಕೊಂಡು ಬರೋಣವೆಂದು ಐರ್ಲೆಂಡಿಗೆ, ಕಾರ್ಕ್ ಊರಿನ ನಮ್ಮ ಮನೆಗೆ ಬಂದಿದ್ದರು. ಬಂದು ಪೆಟ್ಟಿಗೆ ಬಿಚ್ಚಿ, ತಂದ ಉಪ್ಪಿನಕಾಯಿ ಮುಗಿಯುವ ಮೊದಲೇ ಕೊರೊನಾ ಬಂತು, ವಿಮಾನಗಳು ನಿಂತವು. ಮಗನ ಜೊತೆ ಅವರ ಮಾತೆಲ್ಲ ಉರ್ದುವಿನಲ್ಲಿ. ನನ್ನ ಜೊತೆ ಮಾತ್ರ ಕನ್ನಡ, ಯಾಕೆಂದರೆ ನನ್ನ ಬೆಂಗಳೂರಿನ ಉರ್ದು ಕಿವಿಗೆ ಬಿದ್ದರೆ ಅವರಿಗೆ ನಗು ತಡೆಯಲಾಗುತ್ತಿರಲಿಲ್ಲ. ಅಬ್ಬಾ ಎಂದೇ ನಾನು ಕರೆಯುತ್ತಿದ್ದೆ.

ಆದರೆ ಆ ನಗುವೂ ನಿಂತುಹೋಯಿತು. ನನ್ನ ಗಂಡ ಲಿಟಲ್ ಐಲ್ಯಾಂಡಿನ ಔಷಧ ಕಾರ್ಖಾನೆಯಲ್ಲಿದ್ದರು, ಲಾಕ್‌ಡೌನ್‌ನಲ್ಲೂ ಕೆಲಸಕ್ಕೆ ಹೋಗಲೇಬೇಕಿತ್ತು. ಅಲ್ಲಿಂದ ಏನಾದರೂ ಅಂಟಿಸಿಕೊಂಡು ಬಂದು ಅಪ್ಪನಿಗೆ ದಾಟಿಸಿಬಿಟ್ಟರೆ ಎಂಬ ಹೆದರಿಕೆಗೆ ಮನೆಗೆ ಬಂದವರೇ ಮಹಡಿಯ ಕೋಣೆ ಸೇರಿ, ಊಟವನ್ನೂ ಅಲ್ಲೇ ಮಾಡುತ್ತಿದ್ದರು. ಅಪ್ಪ ಕೆಳಗೆ, ಮಗ ಮೇಲೆ. ನಾನು ಅಡುಗೆಮನೆಯ ಟೇಬಲ್ಲಿನಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಆಫೀಸು ಮಾಡುತ್ತಿದ್ದೆ. ಬೆಳಗಿನಿಂದ ಸಂಜೆಯವರೆಗೆ ಗಿರಾಕಿಗಳ ಜೊತೆ ಚೌಕಾಸಿ ಮಾಡಿ ಬಾಳಿದ ಮನುಷ್ಯ ಕಿಟಕಿಯ ಬಳಿ ಕುಳಿತು ಖಾಲಿ ರಸ್ತೆ ನೋಡುತ್ತಿದ್ದರು. ತಟ್ಟೆಯಲ್ಲಿ ಹಾಕಿದ ಅನ್ನ ಅರ್ಧ ಹಾಗೇ ಉಳಿಯುತ್ತಿತ್ತು.

"ಕೂತು ತಿನ್ನೋದು ನಂಗೆ ಆಗಿಬರಲ್ಲಮ್ಮಾ," ಎಂದರು ಒಂದು ದಿನ. "ಮಗನ ಮನೆ ಆದ್ರೇನು, ನೆಂಟ ನೆಂಟಾನೇ."

ನನಗೆ ನಿಜವಾಗಿ ಭಯವಾಯಿತು. ಕೊರೊನಾಕ್ಕಿಂತ ಮೊದಲು ಈ ಮೌನವೇ ಅವರನ್ನು ಮುಗಿಸಿಬಿಡುತ್ತದೆ ಅನ್ನಿಸಿತ್ತು...

ಕಾಪಾಡಿದ್ದು ಮಗಳ ಟ್ಯಾಬ್. ಅದರಲ್ಲಿ ಅವಳು ಏನೋ ಒತ್ತಿ ಎದ್ದು ಹೋಗಿದ್ದಳು. ಯಾರೋ ಅಮೆರಿಕದವನು ದೋಣಿಯಲ್ಲಿ ನಿಂತು, ಕಡಿಮೆ ದುಡ್ಡಿಗೆ ಒಳ್ಳೆಯ ಗಾಳದ ಕೋಲು ಆರಿಸುವುದು ಹೇಗೆಂದು ಪಾಠ ಮಾಡುತ್ತಿದ್ದ. ಅವನು ಮಾತುಮಾತಿಗೂ 'ವಾಲೈ, ವಾಲೈ' ಎನ್ನುತ್ತಿದ್ದ, ಅದು ಅವನ ಕಡೆಯ ಯಾವುದೋ ಮೀನಿನ ಹೆಸರು. ಮಾವ ಕಿಟಕಿ ಬಿಟ್ಟು ಎದ್ದರು.

"ಕೇಳಿದ್ಯೇನಮ್ಮಾ? ವಾಳೆ ಅಂತಾನೆ! ನಮ್ಮ ವಾಳೆ ಈ ಕಡೆ ದೇಶದಾಗೂ ಐತೆ!"

ಬಾಳೆ ಮೀನನ್ನು ಅವರು ವಾಳೆ ಎನ್ನುತ್ತಿದ್ದರು. ಉದ್ದ ಮೈ, ಅಗಲ ಬಾಯಿ, ಎರಡು ಮೀಸೆ. ಅಂಗಡಿಗೆ ರಜೆಯಿದ್ದ ದಿನಗಳಲ್ಲಿ ತುಂಗಭದ್ರಾ ಹಿನ್ನೀರಿನ ದಂಡೆಯಲ್ಲಿ ಬಿದಿರು ಕೋಲು ಹಿಡಿದು ಕೂರುತ್ತಿದ್ದರಂತೆ. ಪರದೆಯ ಮೇಲಿದ್ದ ಮೀನಿಗೆ ಮೀಸೆ ಇರಲಿಲ್ಲ. ನಾನು ಅದನ್ನು ತೋರಿಸಿದೆ. ಚಳಿ ದೇಶದಲ್ಲಿ ಮೀಸೆ ಎಲ್ಲಿ ಬೆಳೆಯುತ್ತೆ ಎಂದುಬಿಟ್ಟರು. ಆ ಸಂಜೆ ತಟ್ಟೆ ಖಾಲಿಯಾಯಿತು, ಜೊತೆಗೆ ಒಂದು ಘೋಷಣೆಯೂ ಆಯಿತು: ನನ್ನ ಕೈಯಾರೆ ಹಿಡಿದ ವಾಳೆ ನಿಮಗೆಲ್ಲ ಉಣ್ಣಿಸಿಯೇ ನಾನು ವಿಮಾನ ಹತ್ತೋದು.

ಅಂಗಡಿಗಳು ಮತ್ತೆ ತೆರೆದ ವಾರವೇ ಗಾಳದ ಸಾಮಾನಿನ ಅಂಗಡಿಗೆ ಕರೆದುಕೊಂಡು ಹೋದೆ. ಮಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮಣಿಕಟ್ಟಿಗೆ ಅತ್ತರು ತಿಕ್ಕಿಕೊಂಡು, ಮದುವೆ ಜವಳಿ ತೆಗೆಯಲು ಹೊರಟವರ ಹಾಗೆ ಹೊರಟರು. ಅಂಗಡಿಯವರು ಮಾವನ ವಯಸ್ಸಿನವರೇ. ವಾಲೈ ಹಿಡಿಯುವ ಕೋಲು ಬೇಕು ಎಂದೆ. ಮಾಸ್ಕಿನ ಮೇಲಿನ ಅವರ ಹುಬ್ಬು ಏರಿತು. ಆ ಮೀನು ಬೇಕಾದರೆ ಕೆನಡಾಕ್ಕೇ ಹೋಗಬೇಕು, ಐರ್ಲೆಂಡಿನ ನೀರಿನಲ್ಲಿ ಅದಿಲ್ಲ, ಪೈಕ್ ಎಂಬ ಮೀನಿದೆ, ಅದಕ್ಕೆ ಹೊಂದುವ ಕೋಲು ಕೊಡುತ್ತೇನೆ ಎಂದರು. ಅದನ್ನೇ ಮಾವನಿಗೆ ಕನ್ನಡದಲ್ಲಿ ಹೇಳಿದೆ.

"ಇವ್ನಿಗೆ ಗೊತ್ತಿಲ್ಲ, ಬಿಡು," ಎಂದರು ಮಾವ. "ಕೋಲು ತೋರಿಸ್ಲಿ."

ಮೂರು ಕೋಲು ಕೌಂಟರಿನ ಮೇಲೆ ಬಂದವು. ಒಂದು ಅಗ್ಗದ್ದು, ತಳತಳ ಬಣ್ಣ, ರೀಲು ಮಾತ್ರ ಗಡಗಡ. ಇನ್ನೊಂದು ಹಗುರ, ಬೆಲೆ ಮಾತ್ರ ಭಾರ. ನಡುವೆ ಒಂದು ಸಾದಾ ಕಪ್ಪು ಕೋಲು, ಕಾರ್ಕ್ ಹಿಡಿಕೆಯದು. ಮಾವನ ಕಣ್ಣು ಅಗ್ಗದ್ದರ ಮೇಲೆ. ನಾಲ್ಕು ದಿನದ ನೆಂಟನಿಗೆ ದುಬಾರಿ ಕೋಲೇಕೆ ಎಂಬುದು ಅವರ ಲೆಕ್ಕ. ನನಗೋ ಅವರಿಗೆ ಇದ್ದುದರಲ್ಲಿ ಒಳ್ಳೆಯದನ್ನೇ ಕೊಡಿಸುವ ಆಸೆ. ಕೈಯಿಂದ ಮುಟ್ಟುವಂತಿಲ್ಲ ಎಂದು ಗೋಡೆಯ ಮೇಲೆ ಬರೆದು ಅಂಟಿಸಿದ್ದರು. ಹೆಬ್ಬೆರಳು ತೋರುಬೆರಳ ನಡುವೆ ಬಟ್ಟೆ ಹಿಡಿದು ಜೀವನ ಮಾಡಿದವರಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಉಂಟೇ? ಅವರ ಬೆರಳುಗಳು ಸುಮ್ಮನೆ ಗಾಳಿಯಲ್ಲೇ ತಿಕ್ಕಾಡುತ್ತಿದ್ದವು. ಅಂಗಡಿಯವರು ಅದನ್ನು ನೋಡಿದರು. ಸ್ಯಾನಿಟೈಸರ್ ಬಾಟಲಿ ಮುಂದೆ ತಳ್ಳಿ, ಹಚ್ಚಿಕೊಳ್ಳಿ ಎಂದು ಸನ್ನೆ ಮಾಡಿ, ನಡುವಿನ ಕೋಲನ್ನು ಕೈಗೆ ಕೊಟ್ಟರು.

ಮಾವ ಅದನ್ನು ಬಗ್ಗಿಸಿದರು. ತುದಿ ಬಾಗಿತು, ಬುಡ ಗಟ್ಟಿಯಾಗಿ ನಿಂತಿತು. ಟ್ಯಾಬ್‌ನ ಅಮೆರಿಕದವನು ಹೇಳಿದ್ದೂ ಅದನ್ನೇ, ಮೀನು ಕಚ್ಚಿದ್ದು ತುದಿಗೆ ತಿಳಿಯಬೇಕು, ಎಳೆದದ್ದನ್ನು ಬುಡ ತಡೆಯಬೇಕು. ಮಾವನ ಮುಖ ನೋಡಿಯೇ ಅದು ಹಿಡಿಸಿತೆಂದು ಗೊತ್ತಾಯಿತು. ಅಷ್ಟರಲ್ಲಿ ಅಂಗಡಿಯವರು, "ದಟ್ಸ್ ಗ್ರ್ಯಾಂಡ್," ಎಂದರು.

ಮಾವ ಬಿಸಿ ತಾಗಿದವರಂತೆ ಕೋಲನ್ನು ಕೆಳಗಿಟ್ಟರು. "ಗ್ರ್ಯಾಂಡ್ ಬ್ಯಾಡಮ್ಮಾ. ಸಾದಾದು ತೋರಿಸು ಅನ್ನು."

ನಮ್ಮ ಬಟ್ಟೆ ಅಂಗಡಿಗಳಲ್ಲಿ ಗ್ರ್ಯಾಂಡ್ ಅಂದರೆ ಜರಿ, ಗ್ರ್ಯಾಂಡ್ ಅಂದರೆ ರೇಷ್ಮೆ, ಗ್ರ್ಯಾಂಡ್ ಅಂದರೆ ಮದುಮಗಳ ಅಪ್ಪನ ಜೇಬು. ಇಲ್ಲಿ ಗ್ರ್ಯಾಂಡ್ ಅಂದರೆ 'ಪರವಾಗಿಲ್ಲ, ನಡೆಯುತ್ತೆ' ಅಂತ ಅಷ್ಟೇ. ಇದನ್ನು ಬಿಡಿಸಿ ಹೇಳುವಷ್ಟರಲ್ಲಿ ಮಾವ ತಮ್ಮ ಕೊನೆಯ ಅಸ್ತ್ರ ತೆಗೆದಿದ್ದರು. ಬೆಲೆ ಇಳಿಸಿದರೆ ನೋಡೋಣ ಎನ್ನುವಂತೆ ತಲೆಯಾಡಿಸಿ, ತಿರುಗಿ, ಹೊರಟೇಬಿಟ್ಟರು. ಬಜಾರಿನಲ್ಲಾದರೆ ಬಾಗಿಲು ದಾಟುವ ಮೊದಲೇ 'ಬನ್ನಿ ಸಾರ್, ಬನ್ನಿ' ಎಂಬ ಕೂಗು ಬೀಳಬೇಕು.

"ಸೇಫ್ ಹೋಮ್ ನೌ," ಎಂದರು ಅಂಗಡಿಯವರು, ಹುಷಾರಾಗಿ ಮನೆ ಸೇರಿ ಅಂತ, ಬಹಳ ಪ್ರೀತಿಯಿಂದ.

ಮಾವ ಹೊರಗೆ ಜಿನುಗು ಮಳೆಯಲ್ಲಿ ಬೆನ್ನು ತಿರುಗಿಸಿಕೊಂಡು ನಿಂತರು. ಕೂಗು ಬರಲಿಲ್ಲ. ಗಾಜಿನಾಚೆ ಆ ಬೆನ್ನು ಇನ್ನೂ ಕಾಯುತ್ತಲೇ ಇತ್ತು... ನಗು ಬಂತು, ನಗಲಾಗದಷ್ಟು ಸಂಕಟವೂ ಆಯಿತು. ತುಟಿ ಬಿಗಿಹಿಡಿದು ಅಂಗಡಿಯವರಿಗೆ ವಿಷಯ ಹೇಳಿ, ಆ ಕಪ್ಪು ಕೋಲನ್ನೇ ಕಟ್ಟಿಸಿದೆ. ಪೈಕ್‌ನ ಹಲ್ಲಿಗೆ ದಾರ ನಿಲ್ಲುವುದಿಲ್ಲವೆಂದು ಗಾಳದ ಹಿಂದೆ ಕಟ್ಟುವ ತಂತಿ ತುಂಡುಗಳನ್ನು ಅವರೇ ಬಿಟ್ಟಿಯಾಗಿ ಸೇರಿಸಿದರು. ಊರಾಚೆಯ ಅಣೆಕಟ್ಟಿನ ಹಿನ್ನೀರಿನಲ್ಲಿ ಮೀನು ಹಿಡಿಯಲು ಪರ್ಮಿಟ್ ಎಲ್ಲಿ ಮಾಡಿಸಬೇಕೆಂದು ಹೇಳಿ, ಒಂದು ಮೊಳಕ್ಕಿಂತ ಉದ್ದದ ಪೈಕ್ ಸಿಕ್ಕರೆ ಮನೆಗೆ ಒಯ್ಯುವಂತಿಲ್ಲ, ನೀರಿಗೇ ಬಿಡಬೇಕು, ಕಾನೂನು ಎಂದು ತೋಳು ಅಳೆದು ತೋರಿಸಿದರು.

ತಂತಿಯ ತುಂಡುಗಳನ್ನು ನೋಡಿದ ಮಾವನ ಮುಖ ಅರಳಿತು. "ನೋಡಿದ್ಯಾ? ತಿರುಗಿ ಹೊರಟ್ರೇನೇ ಬಗ್ಗೋದು. ಹೆಂಗೂ ಕಾರ್ಕ್‌ನಾಗೆ ಕಾರ್ಕ್ ಹಿಡಿಕೆ, ಊರು ಬಿಡೋವಾಗ ಗುರುತಿಗಾಯ್ತು."

ಆ ಬೇಸಿಗೆಯ ಶನಿವಾರಗಳೆಲ್ಲ ನೀರಿನ ದಂಡೆಯಲ್ಲೇ ಕಳೆದವು. ಲೀ ನದಿಗೆ ಅಣೆಕಟ್ಟು ಕಟ್ಟಿದ ಹಿನ್ನೀರು ಅದು, ಸುತ್ತ ಹಸಿರು ದಿಬ್ಬ, ಮೇಯುವ ದನ. ಮಾವ ಹೊರಡುವಾಗ ತಪ್ಪದೆ ಅತ್ತರು ಹಚ್ಚಿಕೊಳ್ಳುತ್ತಿದ್ದರು. ಮೀನು ಓಡಿಹೋಗುತ್ತೆ ಅಬ್ಬಾ ಎಂದು ನಾನು ಛೇಡಿಸಿದರೆ, ಮರ್ಯಾದಸ್ಥ ಮೀನಾದರೆ ಬರುತ್ತೆ ಎನ್ನುತ್ತಿದ್ದರು. ಬರುತ್ತಿರಲಿಲ್ಲ. ಆದರೂ ಮನೆಗೆ ಹಿಂತಿರುಗಿ ಮಹಡಿಯ ಬಾಗಿಲಾಚೆ ನಿಂತು ಮಗನಿಗೆ ಅವತ್ತಿನ ಕಥೆಯನ್ನೆಲ್ಲ ಉರ್ದುವಿನಲ್ಲಿ ಕೂಗಿ ಹೇಳುತ್ತಿದ್ದರು. ಬಾಗಿಲ ಒಳಗಿಂದ ನಗು ಕೇಳಿಸುತ್ತಿತ್ತು. ಮನೆ ಮತ್ತೆ ಮನೆಯಾಗಿತ್ತು.

ಊರಿಗೆ ವಿಶೇಷ ವಿಮಾನದ ಟಿಕೆಟ್ ಸಿಕ್ಕ ವಾರ ಕೊನೆಯ ಸಲ ಹೋದೆವು. ಅವತ್ತು ಕೋಲಿನ ತುದಿ ಒಮ್ಮೆಲೇ ಬಾಗಿತು. ಮಾವ ಎದ್ದು ನಿಂತರು, ಟೋಪಿ ಬಿತ್ತು, ನಾನೂ ಮಗಳೂ ಕಿರುಚಿದೆವು. ತುಂಬ ಹೊತ್ತು ಜಗ್ಗಾಡಿ ದಂಡೆಗೆ ಬಂತು, ಹಸಿರು ಮೈ, ಹಳದಿ ಚುಕ್ಕೆ, ಬಾತುಕೋಳಿಯಂಥ ಮೂತಿ. ಹುಲ್ಲಿನ ಮೇಲೆ ಅದರ ಪಕ್ಕ ಮೊಳಕೈ ಊರಿ ಅಳೆದರು. ಮೊಳ ದಾಟಿ ಗೇಣು ಮಿಕ್ಕಿತು. ಇನ್ನೊಮ್ಮೆ ಅಳೆದರು. ಗಿರಾಕಿಗೆ ಗೊತ್ತಾಗದಂತೆ ಬೆರಳು ಜಾರಿಸುವ ವಿದ್ಯೆ ಬಟ್ಟೆ ಅಂಗಡಿಯವರಿಗೆ ತಿಳಿಯದ್ದೇನಲ್ಲ. ಎಷ್ಟು ಜಾರಿಸಿದರೂ ಮೀನು ಮೊಳಕ್ಕೆ ಇಳಿಯಲಿಲ್ಲ. ಸುತ್ತ ಒಂದು ನರಪಿಳ್ಳೆಯೂ ಇರಲಿಲ್ಲ. ಅವರು ನನ್ನ ಕಡೆ ನೋಡಿದರು. ನಾನು ಬೇಕೆಂದೇ ದನಗಳ ಕಡೆ ನೋಡಿದೆ. ಅವರಿಗೆ ಆ ಮೀನು ಎಷ್ಟು ಬೇಕಾಗಿತ್ತೆಂದು ನನಗೆ ಗೊತ್ತಿತ್ತು.

ನೀರಿನ ಸದ್ದಾಯಿತು. ತಿರುಗಿದರೆ ಮಾವ ಮಂಡಿಯವರೆಗೆ ನೀರಿಗಿಳಿದು, ಅದನ್ನು ಎರಡೂ ಕೈಯಲ್ಲಿ ನೀರೊಳಗೇ ಹಿಡಿದಿದ್ದರು, ಅದು ಸುಧಾರಿಸಿಕೊಳ್ಳಲೆಂದು.

"ಹೋಗಪ್ಪಾ," ಎಂದರು. "ನಿನ್ ದಾರಿನೂ ತೆರೆದೈತೆ."

ವಿಮಾನದ ಹಿಂದಿನ ಸಂಜೆ ಮಾವ ನನ್ನನ್ನು ಕರೆದು ಸೂಪರ್‌ಮಾರ್ಕೆಟ್‌ಗೆ ಹೋಗೋಣ ಎಂದರು. ಮೀನಿನ ಕೌಂಟರಿನಲ್ಲಿ ಬಂಗುಡೆ ತೋರಿಸಿ ತೆಗೆಸಿದರು. ಮನೆಗೆ ಬಂದು ತಾವೇ ಹುಣಸೆ ಕಿವುಚಿ, ಬೆಳ್ಳುಳ್ಳಿ ಜಜ್ಜಿ, ಕೆಂಪು ಖಾರದ ಸಾರು ಮಾಡಿದರು. ಮನೆ ತುಂಬ ಘಾಟು. ಅವತ್ತು ನನ್ನ ಗಂಡ ಮಹಡಿಯಿಂದ ಇಳಿದು, ಕಿಟಕಿಗಳನ್ನೆಲ್ಲ ತೆರೆದಿಟ್ಟು, ಅಷ್ಟು ತಿಂಗಳ ಮೇಲೆ ಮೊದಲ ಬಾರಿ ಅಪ್ಪನ ಟೇಬಲ್ಲಿಗೆ ಬಂದು ಕುಳಿತರು.

ಮಾವ ಎಲ್ಲರ ತಟ್ಟೆಗೂ ತಮ್ಮ ಕೈಯಿಂದಲೇ ಬಡಿಸಿದರು. "ಉಣ್ಣಿ. ವಾಳೆ."

ಗಂಡ ನನ್ನ ಮುಖ ನೋಡಿದರು. ಬಂಗುಡೆಯ ರುಚಿ ಯಾರಿಗೆ ತಿಳಿಯುವುದಿಲ್ಲ? ಆಮೇಲೆ ತಲೆತಗ್ಗಿಸಿ ಒಂದು ತುತ್ತು ತಿಂದು, ವಾಳೆ ಚೆನ್ನಾಗಿ ಬಂದಿದೆ ಅಬ್ಬಾ ಎಂದರು. ಮಗಳು ಎರಡು ಸಲ ಹಾಕಿಸಿಕೊಂಡಳು. ಮಾವನ ತಟ್ಟೆಯಲ್ಲಿ ಮುಳ್ಳು ಬಿಟ್ಟು ಬೇರೇನೂ ಉಳಿಯಲಿಲ್ಲ.

ಕೋಲನ್ನು ಪೆಟ್ಟಿಗೆಯ ಪಕ್ಕ ಇಟ್ಟಿದ್ದೆ. ಅವರು ಅದನ್ನು ತೆಗೆದು ಮತ್ತೆ ಗೂಡಿಗೆ ಸೇರಿಸಿದರು. "ಇಲ್ಲೇ ಇರ್ಲಮ್ಮಾ. ಮುಂದಿನ ಸಲ ಬಂದಾಗ ಬೇಕಾಗ್ತೈತೆ."

ಮರುವರ್ಷದ ಎರಡನೆಯ ಅಲೆಯಲ್ಲಿ ಮಾವ ಹೊಸಪೇಟೆಯಲ್ಲಿ ಹೋಗಿಬಿಟ್ಟರು. ನಮಗೆ ಹೋಗಲಾಗಲಿಲ್ಲ. ಮೈದುನ ಹಿಡಿದ ಫೋನಿನಲ್ಲಿ ಮಣ್ಣು ಹಾಕಿದ್ದನ್ನು ನೋಡಿದೆವು, ಅಲ್ಲಿ ಸಿಗ್ನಲ್ ಹೋಗಿ ಬಂದು ಆಗುತ್ತಿತ್ತು... ಅದರ ಬಗ್ಗೆ ಹೆಚ್ಚು ಬರೆಯಲಾರೆ. ಆ ನೋವು ಹೋಗಿಲ್ಲ, ಹೋಗುವುದೂ ಇಲ್ಲ.

ಕೋಲನ್ನು ಒರೆಸಿ ಮತ್ತೆ ಚೀಲಕ್ಕೆ ಹಾಕಿದೆ. ಹಿಡಿಕೆಯನ್ನು ಮಾತ್ರ ಒರೆಸಲಿಲ್ಲ. ಸಂಜೆ ಮಗಳ ಜೊತೆ ಸಾಮಾನಿಗೆ ಹೋದೆ. ಈಗ ಉದ್ದ ಬೆಳೆದಿದ್ದಾಳೆ, ನಾನು ಕನ್ನಡದಲ್ಲಿ ಕೇಳಿದರೆ ಕಾರ್ಕ್‌ನ ರಾಗದ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. ಮೀನಿನ ಕೌಂಟರಿನ ಮುಂದೆ ನಿಂತು, ಮಂಜುಗಡ್ಡೆಯ ಮೇಲೆ ಸಾಲಾಗಿ ಮಲಗಿಸಿದ್ದ ಬಂಗುಡೆಗಳತ್ತ ಬೆರಳು ತೋರಿಸಿದಳು.

"ಮಮ್ಮಿ, ಕ್ಯಾನ್ ವಿ ಗೆಟ್ ವಾಳೆ?"

ಕೌಂಟರಿನಾಕೆಗೆ ಅರ್ಥವಾಗಲಿಲ್ಲ. "ಮ್ಯಾಕೆರೆಲ್, ಇಸ್ ಇಟ್?" ಎಂದು ನನ್ನನ್ನು ಕೇಳಿದಳು. ಮಗಳು, ದೊಡ್ಡವರಿಗೆ ಇಷ್ಟೂ ಗೊತ್ತಿಲ್ಲವಲ್ಲ ಎನ್ನುವ ಹಾಗೆ, "ನೋ, ಇಟ್ಸ್ ವಾಳೆ," ಎಂದಳು.

ನಾನು ತಿದ್ದಲಿಲ್ಲ. "ಹೌದು, ವಾಳೆ," ಎಂದು ಕನ್ನಡದಲ್ಲೇ ಹೇಳಿ, ಬೆರಳಿನಿಂದ ನಾಲ್ಕು ತೋರಿಸಿದೆ. ಮನೆಯಲ್ಲಿ ನಾವಿರುವುದು ಮೂವರೇ.