ಚೀಲಗಳು ಮಾತ್ರ ಹುಬ್ಬಳ್ಳಿಗೆ ಹೋದ ದಿನ

ಮೊನ್ನೆ ಪೇಪರಿನಲ್ಲಿ ಒಂದು ಸುದ್ದಿ ಓದಿದೆ. ಯಾವುದೋ ವಿಮಾನ ಕಂಪನಿ ದಿವಾಳಿಯಾಗಿದೆಯಂತೆ. ನಿಲ್ದಾಣದಲ್ಲಿ ಅದರ ವಿಮಾನಗಳು ನಿಲ್ಲುತ್ತಿದ್ದ ಗೇಟುಗಳ ಮೇಲೆ ಎದುರಾಳಿ ಕಂಪನಿಯ ಕಣ್ಣು ಬಿದ್ದಿದೆಯಂತೆ. ಅವರ ವಿಮಾನ ಬೇಡ, ಅವರ ಜನ ಬೇಡ, ನಿಲ್ಲುವ ಜಾಗ ಮಾತ್ರ ಬೇಕು. ಓದಿ ನಗು ತಡೆಯಲಾಗಲಿಲ್ಲ. ಇದನ್ನೆಲ್ಲ ನಾವು ತೊಂಬತ್ತರ ದಶಕದಲ್ಲೇ ಶಿರಸಿಯ ನಮ್ಮ ಮನೆಕಟ್ಟೆಯ ಮೇಲೆ ನೋಡಿ ಮುಗಿಸಿದ್ದೇವೆ ಮಾರಾಯ್ರೆ!

ನಮ್ಮ ಮನೆ ಇದ್ದದ್ದು ಯಲ್ಲಾಪುರ ರಸ್ತೆಗೆ ತಾಗಿ. ಎದುರಿಗೆ ಒಂದು ಬಸ್ಸು ಆರಾಮಾಗಿ ಒಳಸರಿದು ನಿಲ್ಲುವಷ್ಟು ಬಯಲು, ಬಯಲಿಗೆ ಮುಖ ಮಾಡಿದ ಉದ್ದನೆಯ ಕಟ್ಟೆ, ಕಟ್ಟೆಯ ಹಿಂದೆ ಕಿಟಕಿಯಿದ್ದ ಒಂದು ಚಿಕ್ಕ ಕೋಣೆ. ಸಿದ್ದಾಪುರದ ಒಬ್ಬರು ಒಂದೇ ಒಂದು ಬಸ್ಸಿಟ್ಟುಕೊಂಡು, ಸಿದ್ದಾಪುರದಿಂದ ಶಿರಸಿ, ಯಲ್ಲಾಪುರದ ಮೇಲೆ ಹುಬ್ಬಳ್ಳಿಗೆ ಓಡಿಸುತ್ತಿದ್ದರು. ಅದು ಬೆಳಿಗ್ಗೆ ಬಿಸಿಲೇರುವ ಮೊದಲು ಬಂದು ನಿಲ್ಲುತ್ತಿದ್ದದ್ದು ನಮ್ಮ ಬಯಲಿನಲ್ಲಿ. ಟಿಕೇಟು ಕೊಡುತ್ತಿದ್ದದ್ದು ಆ ಕಿಟಕಿಯಲ್ಲಿ. ಕಿಟಕಿಯ ಹಿಂದೆ ಕೂರುತ್ತಿದ್ದವಳು ನನ್ನ ಸೋದರತ್ತೆ, ಅಪ್ಪನ ಅಕ್ಕ.

ಅತ್ತೆ ಮದುವೆಯಾಗಿ ಸ್ವಲ್ಪೇ ದಿನಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಅವಳಿಗೆ ಗಂಡು ನೋಡಿದವರು ಅಜ್ಜ. ವಾಪಸು ಕರೆದುತಂದವರೂ ಅಜ್ಜ. ಶಿರಸಿಗೆ ಕರೆದುಕೊಂಡು ಬಂದವರು ಅಪ್ಪ. ಬಸ್ಸಿನವರು ‘ಇಲ್ಲಿ ಕೂರಲಿಕ್ಕೆ ಯಾರಾದರೂ ಇದ್ದಾರಾ’ ಎಂದಾಗ ‘ಅಕ್ಕ ಇದ್ದಾಳಲ್ಲ’ ಎಂದವರೂ ಅಪ್ಪನೇ. ಒಳಗೆ ದೋಸೆ ಎರೆಯುತ್ತಿದ್ದ ಅತ್ತೆಗೆ ಇದು ಗೊತ್ತಾದದ್ದು ಆಮೇಲೆ. ಆದರೆ ಕೂತಳು ನೋಡಿ, ಕೂತಮೇಲೆ ಆ ಕುರ್ಚಿ ಅವಳ ಸಿಂಹಾಸನವೇ ಆಯಿತು. ಮನೆಯಲ್ಲಿ ಗೋಡೆಗೂ ಕೇಳದ ಹಾಗೆ ಮಾತಾಡುತ್ತಿದ್ದ ಹೆಂಗಸಿಗೆ ಅಲ್ಲಿ ಕೂತೊಡನೆ ಪೇಟೆಯ ಆ ತುದಿಗೂ ಕೇಳುವಷ್ಟು ದನಿ ಎಲ್ಲಿಂದ ಬಂತೋ ದೇವರೇ ಬಲ್ಲ.

ನಮ್ಮ ಕಟ್ಟೆಯ ಮೇಲೆ ಮನುಷ್ಯರು ಪಾಳಿ ನಿಲ್ಲುತ್ತಿರಲಿಲ್ಲ, ಚೀಲಗಳು ನಿಲ್ಲುತ್ತಿದ್ದವು. ಮಾರನೇ ದಿನ ಹುಬ್ಬಳ್ಳಿಗೆ ಹೋಗುವವರು ಹಿಂದಿನ ಸಂಜೆಯೇ ಒಂದು ಹಳೆಯ ಚೀಲವನ್ನೋ ವಯರಿನ ಬುಟ್ಟಿಯನ್ನೋ ತಂದು ಕಟ್ಟೆಯ ಮೇಲೆ ಸಾಲಿನಲ್ಲಿಟ್ಟು ಹೋಗುತ್ತಿದ್ದರು. ಒಳಗೆ ಏನೂ ಇರುತ್ತಿರಲಿಲ್ಲ. ಗಾಳಿಗೆ ಹಾರಬಾರದೆಂದು ಒಂದು ಕಲ್ಲೋ ತೆಂಗಿನ ಕರಟವೋ ಅಷ್ಟೇ. ಚೀಲ ಇಟ್ಟವರ ಸೀಟು ಗಟ್ಟಿ. ಬೆಳಿಗ್ಗೆ ಬಸ್ಸು ಬಂದು ಹಾರ್ನ್ ಹೊಡೆದರೂ ಅವರಿಗೆ ಗಡಿಬಿಡಿ ಇಲ್ಲ, ಎದುರಿನ ಹೋಟೆಲಿನಲ್ಲಿ ಚಾ ಕುಡಿಯುತ್ತಲೇ ಇರುವರು. ಅತ್ತೆ ಕಿಟಕಿಯಿಂದ ತಲೆ ಹೊರಹಾಕಿ, “ಹಸಿರು ಬುಟ್ಟಿ ಎಲ್ಲೋತೋ! ಹರಕು ಚೀಲದವ್ವು ಬಂದ್ವಾ?” ಎಂದು ಕೂಗಬೇಕು. ಆಮೇಲೆ ಅವರು ನಿಜವಾದ ಗಂಟುಮೂಟೆ ಹಿಡಿದು ಬರುವರು, ಖಾಲಿ ಚೀಲವನ್ನು ಅತ್ತೆಯ ಕೈಗೆ ಕೊಟ್ಟು ಬಸ್ಸು ಹತ್ತುವರು. ಕಟ್ಟೆಯ ಮೇಲೆ ಒಂದು ಚೀಲ ಉಳಿದಿದ್ದರೂ ಬಸ್ಸು ಹೊರಡುವಂತಿರಲಿಲ್ಲ. ಇದನ್ನು ಯಾರು ಶುರುಮಾಡಿದರೋ ಗೊತ್ತಿಲ್ಲ, ಡ್ರೈವರಿನಿಂದ ಹಿಡಿದು ಎಲ್ಲರೂ ಒಪ್ಪಿಕೊಂಡಿದ್ದರು.

ಅತ್ತೆಯ ರಾಜ್ಯದಲ್ಲಿ ನ್ಯಾಯ ಸಮನಾಗಿತ್ತು ಎಂದು ನಾನು ಹೇಳಿದರೆ ನಾಲಿಗೆಗೆ ಹುಳ ಬಿದ್ದೀತು. ಹುಬ್ಬಳ್ಳಿ ಆಸ್ಪತ್ರೆಗೆ ಹೋಗುವವರ ಚೀಲ ಎಲ್ಲಿದ್ದರೂ ಎತ್ತಿ ಮುಂದಿಡುತ್ತಿದ್ದಳು, ಅದು ಸರಿ. ಭೈರುಂಬೆಯ ತಿರುವಿಗೇ ವಾಂತಿ ಮಾಡುವವರಿಗೆ ಕಿಟಕಿ ಪಕ್ಕ ಕೊಡುತ್ತಿದ್ದಳು, ಅದೂ ಸರಿ. ಆದರೆ ಅವಳಿಗೆ ಆಗದವರು ಎಷ್ಟು ಬೇಗ ಚೀಲ ತಂದಿಟ್ಟರೂ ಹಿಂದಿನ ಗಾಲಿಯ ಮೇಲಿನ ಸೀಟೇ ಗತಿ. ನಮ್ಮ ಮನೆಯ ಹಪ್ಪಳಕ್ಕೆ ಉಪ್ಪು ಹೆಚ್ಚಾಯಿತು ಎಂದಿದ್ದ ಒಬ್ಬರು ಗಾಲಿಯ ಮೇಲೆ ಕೂತು ಕುಲುಕಿ ಕುಲುಕಿ ಸೊಂಟ ಹಿಡಿಸಿಕೊಂಡು, ಕಡೆಗೆ ಹಪ್ಪಳ ಬಹಳ ರುಚಿ ಎಂದು ಒಪ್ಪಿಕೊಂಡರು.

ಹೀಗಿರುವಾಗ ಸಿದ್ದಾಪುರದವರ ವ್ಯವಹಾರ ಕೆಟ್ಟಿತು. ಬಸ್ಸು ಮೊದಮೊದಲು ತಡವಾಗಿ ಬಂತು, ಆಮೇಲೆ ಬಿಟ್ಟು ಬಿಟ್ಟು ಬಂತು, ಆಮೇಲೆ ನಿಂತೇ ಹೋಯಿತು. ಬ್ಯಾಂಕಿನವರು ಎಳೆದೊಯ್ದರು ಎಂದು ಸುದ್ದಿ ಬಂತು. ಅತ್ತೆ ಮಾತ್ರ ದಿನಾ ಬೆಳಿಗ್ಗೆ ಮಿಂದು, ತುಳಸಿಗೆ ನೀರು ಹಾಕಿ, ಕಿಟಕಿ ತೆರೆದು ಕೂರುತ್ತಿದ್ದಳು. ಬಂದವರಿಗೆ, “ಇವತ್ತು ಇಲ್ಲೆ. ಸರ್ಕಾರಿ ಬಸ್ಸಿಗೆ ಹೋಗಿ,” ಎನ್ನುವುದೇ ಅವಳ ಕೆಲಸವಾಯಿತು. ನಾನಾಗ ಕಾಲೇಜಿಗೆ ಹೋಗುತ್ತಿದ್ದೆ. “ಅತ್ತೆ, ಒಳಗೆ ಬಾರೆ, ಬಸ್ಸೇ ಇಲ್ಲೆ ಅಲ್ದಾ,” ಎಂದರೆ, “ಬಸ್ಸು ಇಲ್ದಿದ್ರೆ ಎಂತಾತು ಕೂಸೆ, ಜನ ಬತ್ವಲೆ,” ಎನ್ನುತ್ತಿದ್ದಳು.

ಯಲ್ಲಾಪುರದಲ್ಲಿ ಒಬ್ಬ ಸಾಹೇಬರಿದ್ದರು. ಲಾರಿಯಿಂದ ಶುರುಮಾಡಿ ಬಸ್ಸಿಗೆ ಬಂದವರು, ದೊಡ್ಡ ಮನುಷ್ಯ. ಅವರದ್ದೂ ಅದೇ ದಾರಿಯಲ್ಲಿ ಒಂದು ಬಸ್ಸಿತ್ತು. ಹೊಸ ಬಸ್ಸು, ಮೆತ್ತನೆ ಸೀಟು. ಆದರೆ ಅದು ನಿಲ್ಲುತ್ತಿದ್ದದ್ದು ಪೇಟೆಯಿಂದಾಚೆ, ಮರದ ದಿಮ್ಮಿ ಪೇರಿಸಿಡುವ ನಾಟಾ ಡಿಪೋದ ಹತ್ತಿರ. ಅಷ್ಟು ದೂರ ಯಾರು ನಡೆಯುತ್ತಾರೆ? ಸಾಹೇಬರಿಗೆ ಬಹಳ ದಿನದಿಂದ ನಮ್ಮ ಬಯಲಿನ ಮೇಲೆ ಕಣ್ಣಿತ್ತು. ಸಿದ್ದಾಪುರದವರು ಬಾಗಿಲು ಹಾಕಿದ್ದೇ ತಡ, ಒಂದು ಸಂಜೆ ಅಳಿಯನನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು.

“ಮಾಸ್ತರ್ರ, ಆ ಜಾಗಾ ಮತ್ತ ಆ ಖೋಲಿ ನಮಗ ಕೊಟ್ಟಬಿಡ್ರಿ. ಬಾಡಗಿ ನೀವು ಹೇಳಿದಷ್ಟು. ಕೌಂಟರಿಗೆ ನಮ್ಮ ಅಳಿಯಾ ಕೂಡ್ತಾನ್ರಿ, ಹುಬ್ಬಳ್ಳಿಯಾಗ ಕಲ್ತ ಬಂದಾನ.”

ಅಪ್ಪ ಹೈಸ್ಕೂಲು ಮಾಸ್ತರರು. ತರಗತಿಯಲ್ಲಿ ಹುಲಿ, ಮನೆಗೆ ಬಂದವರ ಎದುರು ಬೆಣ್ಣೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಪೈಕಿ. “ಅದಕ್ಕೇನಂತೆ, ಅಡ್ಡಿಯಿಲ್ಲ, ಅಡ್ಡಿಯಿಲ್ಲ,” ಎಂದುಬಿಟ್ಟರು. ಅಷ್ಟು ಹೊತ್ತಿಗೆ ಅತ್ತೆ ಚಾ ತಂದವಳು ಬಾಗಿಲಲ್ಲೇ ನಿಂತಿದ್ದಳು. ಬಟ್ಟಲುಗಳನ್ನು ಇಟ್ಟು, ಕೋಣೆಗೆ ಹೋಗಿ, ಕಿಟಕಿ ಮುಚ್ಚಿ, ಕುರ್ಚಿಯ ಮೇಲಿದ್ದ ತನ್ನ ದಿಂಬನ್ನು ಎತ್ತಿಕೊಂಡು ಒಳಗೆ ಬಂದಳು. ನನಗೆ ಅಪ್ಪನ ಮೇಲೆ ಎಷ್ಟು ಸಿಟ್ಟು ಬಂತೆಂದರೆ ಆ ರಾತ್ರಿ ಅವರಿಗೆ ಮಜ್ಜಿಗೆ ಬಡಿಸಲಿಲ್ಲ. ಅತ್ತೆಯೇ ಎದ್ದು ಬಡಿಸಿದಳು.

ಅಳಿಯ ಕೆಟ್ಟವನೇನಲ್ಲ. ದಪ್ಪ ಮೀಸೆ, ಇಸ್ತ್ರಿ ಅಂಗಿ, ಎಲ್ಲದರಲ್ಲೂ ಶಿಸ್ತು. ಕೋಣೆಗೆ ಬಣ್ಣ ಹೊಡೆಸಿದ, ಕಿಟಕಿಯ ಮೇಲೆ ಹೊಸ ಬೋರ್ಡು ಹಾಕಿಸಿದ. ಬಸ್ಸು ಶುರುವಾಗುವ ಹಿಂದಿನ ಸಂಜೆ ಜನ ಖುಷಿಯಿಂದ ಬಂದು ಚೀಲ ಇಟ್ಟು ಹೋದರು. ಕಟ್ಟೆ ತುಂಬಿತು. ಅವನಿಗೆ ಸಂತೋಷವೋ ಸಂತೋಷ.

ಬೆಳಿಗ್ಗೆ ಬಸ್ಸು ಬಂತು. ಅಳಿಯ ಕಂಡಕ್ಟರನನ್ನು ಕರೆದು, “ಎಲ್ಲಾ ಸಾಮಾನು ಮ್ಯಾಲ ಏರಸ್ರಿ,” ಎಂದ. ಅಷ್ಟೂ ಚೀಲ, ಅಷ್ಟೂ ಬುಟ್ಟಿ ಬಸ್ಸಿನ ಮಾಡಿಗೇರಿದವು, ಮೇಲೆ ತಾಡಪಾಲು ಹೊದೆಸಿ ಹಗ್ಗ ಬಿಗಿದದ್ದೂ ಆಯಿತು. ಜನ ಎದುರಿನ ಹೋಟೆಲಿನಲ್ಲಿ ಚಾ ಕುಡಿಯುತ್ತ, ಅತ್ತೆ ಕೂಗಲಿ ಎಂದು ಕಾಯುತ್ತಿದ್ದರು. ಹಾರ್ನ್ ಹೊಡೆಯಿತು. ಯಾರೂ ಏಳಲಿಲ್ಲ, ಹಾರ್ನಿಗೆ ಏಳುವ ರೂಢಿಯೇ ಅವರಿಗಿರಲಿಲ್ಲ. ಅಳಿಯ ಕೈಗಡಿಯಾರ ನೋಡಿದ, “ಹೋಗ್ಲಿ, ರೈಟ್,” ಎಂದ. ಬೆರಳೆಣಿಕೆಯ ಪ್ರಯಾಣಿಕರು, ಮಾಡಿನ ಮೇಲೆ ಕಲ್ಲು ಕರಟಗಳ ರಾಶಿ. ಹೊಸ ಬಸ್ಸು ಹುಬ್ಬಳ್ಳಿಗೆ ಹೊರಟೇ ಹೋಯಿತು!

ಆಮೇಲಿನ ಗಲಾಟೆ ಕೇಳಬೇಡಿ. “ಬಸ್ಸು ಹೋತಲೋ!” ಎಂದು ಒಬ್ಬರು ಪಂಚೆ ಎತ್ತಿ ಓಡಿದರು. “ಯನ್ನ ಬುಟ್ಟಿ!” ಎಂದು ಇನ್ನೊಬ್ಬರು. ಅಳಿಯ, “ನಿಮ್ಮ ಸಾಮಾನು ಹೋಗೇತ್ರಿ, ನೀವ್ಯಾಕ ಹೋಗಲಿಲ್ಲ?” ಎಂದು ಕೇಳಿದ್ದು ಉರಿಯುವ ಬೆಂಕಿಗೆ ತುಪ್ಪ ಸುರಿದ ಹಾಗಾಯಿತು. ಎಲ್ಲರೂ ಅವನನ್ನು ಬಿಟ್ಟು ನಮ್ಮ ಮನೆಯ ಬಾಗಿಲಿಗೆ ಬಂದರು. “ಅಕ್ಕ ಎಲ್ಲಿದ್ದು? ಅಕ್ಕನ ಕರೀರಿ!”

ಅತ್ತೆ ಅಡುಗೆಮನೆಯಲ್ಲಿ ಹಪ್ಪಳದ ಹಿಟ್ಟು ಕುಟ್ಟುತ್ತಿದ್ದಳು. ಕುಟ್ಟುವ ಸದ್ದು ಒಂದಿಷ್ಟೂ ಕಮ್ಮಿಯಾಗಲಿಲ್ಲ. ಅಪ್ಪ ಒಳಗೆ ಬಂದು, “ಅಕ್ಕಾ, ಒಂಚೂರು ಹೊರಗೆ ಬಾರೆ, ನೀನು ಹೇಳಿದ್ರೆ ಜನ ಕೇಳ್ತ,” ಎಂದರು.

ಅತ್ತೆ ಒನಕೆ ನಿಲ್ಲಿಸಿದಳು. ಅವಳು ಅಪ್ಪನೆದುರು ದನಿ ಎತ್ತಿದ್ದನ್ನು ನಾನು ಅದಕ್ಕಿಂತ ಮೊದಲು ಕೇಳಿರಲಿಲ್ಲ.

“ಯನ್ನ ಹತ್ರ ಎಂತಕ್ಕೆ ಹೇಳ್ತೆ ತಮಾ? ಮದ್ವೆ ಮಾಡಕಾರೆ ಯನ್ನ ಕೇಳಿದ್ವಿಲ್ಲೆ. ವಾಪಸ್ಸು ಕರ್ಕಂಡು ಬರಕಾರೂ ಕೇಳಿದ್ವಿಲ್ಲೆ. ಆ ಕುರ್ಚಿ ಮೇಲೆ ಕೂರ್ಸಕಾರೂ ಕೇಳಿದ್ವಿಲ್ಲೆ, ಹೋಗ್ಲಿ, ಅದು ಯನ್ನ ಮನ್ಸಿಗೆ ಸೇರ್ತು. ಎಬ್ಸಕಾರಾದ್ರೂ ಒಂದು ಮಾತು ಕೇಳಕಾಗಿತ್ತಲ?”

ಅಪ್ಪನ ಕಣ್ಣಲ್ಲಿ ನೀರು ತುಂಬಿತು. ಕಡೆಗೆ ತಾವೇ ಹೊರಗೆ ಹೋಗಿ ಜನರಿಗೆ ಕೈಮುಗಿದು ಸಮಾಧಾನ ಹೇಳಿದರು. ನನಗೆ ಅಪ್ಪನನ್ನು ನೋಡಿ ಪಾಪ ಅನ್ನಿಸಿತು, ಅತ್ತೆಯನ್ನು ನೋಡಿ ಎದ್ದು ಕುಣಿಯಬೇಕು ಅನ್ನಿಸಿತು.

ಸಂಜೆ ಸಾಹೇಬರೇ ಬಂದರು. ಹುಬ್ಬಳ್ಳಿಯಲ್ಲಿ ತಾಡಪಾಲು ಬಿಚ್ಚಿ ನೋಡಿ ಅವರ ಜನ ಕಕ್ಕಾಬಿಕ್ಕಿಯಾಗಿದ್ದರಂತೆ. ಅಷ್ಟೂ ಚೀಲಗಳನ್ನು ಜೀಪಿನಲ್ಲಿ ಹೇರಿಕೊಂಡು ಬಂದು, ಒಂದೊಂದನ್ನೇ ತಮ್ಮ ಕೈಯಾರೆ ಕಟ್ಟೆಯ ಮೇಲಿಟ್ಟರು. ಒಳಗಿನ ಕಲ್ಲುಗಳೂ ಹಾಗೇ ಇದ್ದವು. ಅಳಿಯ ಹಿಂದೆ ತಲೆ ತಗ್ಗಿಸಿ ನಿಂತಿದ್ದ. ಸಾಹೇಬರು ಹೊಟ್ಟೆ ಕುಣಿಸಿ ನಗುತ್ತಲೇ ಅಪ್ಪನಿಗೆ ಹೇಳಿದರು:

“ಮಾಸ್ತರ್ರ, ಬರೇ ಜಾಗಾ ತಗೊಂಡ ನಾ ಏನ್ ಮಾಡ್ಲಿ? ಅಕ್ಕಾರು ಕೂಡ್ಲಿಲ್ಲಂದ್ರ ಅದು ಬಯಲು ಅಷ್ಟ. ಅವರಿಗೆ ಕೂಡಾಕ ಹೇಳ್ರಿ. ಪಗಾರ ಕೊಡ್ತೀನಿ, ಅಳಿಯಾ ಅವರ ಕೈಕೆಳಗ ಕಲೀತಾನ.”

ಅಪ್ಪನ ಬಾಯಲ್ಲಿ ‘ಅಡ್ಡಿಯಿಲ್ಲ’ ಬಂದೇ ಬಿಟ್ಟಿತ್ತು. ತುಟಿಯವರೆಗೆ ಬಂದದ್ದನ್ನು ನುಂಗಿಕೊಂಡದ್ದು ನನಗೆ ಸ್ಪಷ್ಟವಾಗಿ ಕಂಡಿತು. “ಅದು ನಾನು ಹೇಳುವುದಲ್ಲ ಸಾಹೇಬ್ರೆ. ಅಕ್ಕನ ಹತ್ರವೇ ಕೇಳಿ,” ಎಂದರು.

ಸಾಹೇಬರು ಎದ್ದು, ಟೋಪಿ ಸರಿಮಾಡಿಕೊಂಡು, ಒಳಬಾಗಿಲ ಹತ್ತಿರ ಬಂದು ನಿಂತರು. “ಅಕ್ಕಾರ, ತಪ್ಪಾತ್ರಿ. ಮೊದಲ ನಿಮ್ಮನ್ನ ಕೇಳಬೇಕಿತ್ತು. ನೀವು ಕೂಡ್ತೀರೇನ್ರಿ?”

ಅತ್ತೆ ಸೆರಗು ಸರಿಮಾಡಿಕೊಂಡಳು. ಕೈಗಂಟಿದ್ದ ಹಿಟ್ಟನ್ನು ಒರೆಸಿಕೊಂಡಳು. ಅವಳ ಮುಖ ಕೆಂಪಾಗಿತ್ತು. ನಾನು ನೋಡುತ್ತಿದ್ದೆ. ಅಪ್ಪನೂ ನೋಡುತ್ತಿದ್ದರು.

“ಯೋಚ್ನೆ ಮಾಡಿ ಹೇಳ್ತೇನೆ,” ಎಂದಳು.

ಸಾಹೇಬರು ತಬ್ಬಿಬ್ಬಾದರು. “ಆಗ್ಲಿ, ಆಗ್ಲಿರಿ. ಯಾವಾಗ ಬರ್ಲಿ?”

“ನಾಳೆ ಬನ್ನಿ,” ಎಂದವಳು ತಟ್ಟನೆ ತಿದ್ದಿಕೊಂಡಳು. “ನಾಳೆ ಬೇಡ. ನಾಡಿದ್ದು ಬನ್ನಿ.”

ಜೀಪು ಹೋದಮೇಲೆ ನಾನು ತಡೆಯಲಾರದೆ ಅವಳ ಮೇಲೆ ಹರಿಹಾಯ್ದೆ. “ಅತ್ತೆ, ನಿಂಗೆ ತಲೆ ಕೆಟ್ಟಿದ್ದಾ? ಆ ಕುರ್ಚಿಗೆ ಜೀವ ಬಿಡ್ತೆ, ಯೋಚ್ನೆ ಮಾಡಲೆ ಎಂತ ಇದ್ದು? ಅಂವ ಮನಸ್ಸು ಬದಲು ಮಾಡಿದ್ರೆ?”

ಅತ್ತೆ ನನ್ನ ಕಡೆ ತಿರುಗಿದಳು. ಅಂಥ ನಗುವನ್ನು ಅವಳ ಮುಖದಲ್ಲಿ ನಾನು ಮೊದಲು ನೋಡಿರಲಿಲ್ಲ.

“ಸುಮ್ನಿರೆ ಕೂಸೆ. ಕೂರ್ತೆ, ಕೂರದೆ ಎಲ್ಲಿ ಹೋಗ್ತೆ? ಆದ್ರೆ ತಲೆ ಹಣ್ಣಾತು, ಯನ್ನ ಹತ್ರ ಒಬ್ಬವು ಕೇಳಿದ್ದು ಇದೇ ಮೊದ್ಲು. ಎರಡು ದಿನ ಆ ಪ್ರಶ್ನೆ ಯನ್ನ ಹತ್ರ ಇರ್ಲಿ.”