ವಾರ್ಡಿನಿಂದ ಥಿಯೇಟರಿಗೆ ಏಳು ನಿಮಿಷ

ಬೆಳಗಿನ ಐದೂ ಮುಕ್ಕಾಲು. ಆಸ್ಪತ್ರೆಯ ಮೂರನೇ ಮಹಡಿಯ ಹೆಂಗಸರ ವಾರ್ಡಿನಲ್ಲಿ ಕಿಟಕಿಗಳು ಆಗಷ್ಟೇ ಬೆಳ್ಳಗಾಗುತ್ತಿವೆ. ಹನ್ನೊಂದನೇ ಮಂಚದ ಪಕ್ಕ ಸ್ಟ್ರೆಚರ್ ನಿಲ್ಲಿಸಿ, ಬ್ರೇಕ್ ಒತ್ತಿ, ಗಾಲಿಯಕ್ಕ ಬಾಗುತ್ತಾರೆ. ಮಲಗಿರುವವರು ಶಾಲಾ ಶಿಕ್ಷಕಿ. ಇವತ್ತು ಕುತ್ತಿಗೆಯ ಗಡ್ಡೆಯ ಆಪರೇಷನ್. ಮಂಚದ ಕಂಬಿ ಹಿಡಿದ ಅವರ ಕೈ ಸಡಿಲಾಗುತ್ತಿಲ್ಲ.

"ಬಿಡಿ ಅನ್ನಲ್ಲ ನಾನು. ಹಿಡ್ಕೊಂಡಿರಿ ಟೀಚರ್, ಮನಸ್ಸು ಬಂದಾಗ ಬಿಡುವಿರಂತೆ," ಎನ್ನುತ್ತಾ ಗಾಲಿಯಕ್ಕ ಹೊದಿಕೆ ಸರಿಮಾಡುತ್ತಾರೆ. ಎಷ್ಟನೇ ಕ್ಲಾಸಿಗೆ ಪಾಠ ಎಂದು ಕೇಳುತ್ತಾರೆ. ನಾಲ್ಕನೇ ಕ್ಲಾಸಂತೆ. "ಆ ಮಕ್ಕಳ ಗಲಾಟೆ ತಡ್ಕೊಂಡವರಿಗೆ ಇದ್ಯಾವ ಮಹಾ." ಶಿಕ್ಷಕಿಯ ತುಟಿಯಂಚಿನಲ್ಲಿ ನಗು ಸುಳಿಯುತ್ತದೆ. ಕೈ ತಾನಾಗಿ ಕಂಬಿ ಬಿಡುತ್ತದೆ.

ಐವತ್ನಾಲ್ಕರ ಗಾಲಿಯಕ್ಕ ಇಲ್ಲಿ ಸ್ಟ್ರೆಚರ್ ತಳ್ಳಲು ಶುರುಮಾಡಿ ಇಪ್ಪತ್ಮೂರು ವರ್ಷ. ಹಾಜರಿ ಪುಸ್ತಕದಲ್ಲಿರುವ ಹೆಸರು ಹೇಳಿ ವಿಚಾರಿಸಿದರೆ ಅರ್ಧ ಸಿಬ್ಬಂದಿ ಮುಖ ಮುಖ ನೋಡಿಕೊಳ್ಳುತ್ತಾರೆ; ಗಾಲಿಯಕ್ಕ ಎಂದರೆ ಎಲ್ಲರಿಗೂ ಗೊತ್ತು. ದಿನಕ್ಕೆ ಹದಿನಾಲ್ಕರಿಂದ ಹದಿನಾರು ಸಲ ಅದೇ ದಾರಿ: ಉದ್ದದ ಕಾರಿಡಾರು, ಲಿಫ್ಟು, ಒಂದು ಇಳಿಜಾರು, ಆಪರೇಷನ್ ಥಿಯೇಟರು. ಬೇರೆಯವರಿಗೆ ನಾಲ್ಕು ನಿಮಿಷ ಸಾಕು. ಇವರಿಗೆ ಏಳು ಬೇಕು. ಅದಕ್ಕಾಗಿ ಹಿಂದೆ ಎರಡು ಸಲ ನೋಟಿಸು ಬಂದಿದೆ.

"ಮಲಗಿದವರಿಗೆ ಕಾಣೋದು ಬರೀ ಸೂರು. ಅದು ಜೋರಾಗಿ ಓಡ್ತಾ ಇದ್ರೆ ಇರೋ ಧೈರ್ಯಾನೂ ಹಾರಿಹೋಗುತ್ತೆ. ನಿಧಾನಕ್ಕೆ ಹೋದ್ರೆ ಮಾತಾಡ್ತಾರೆ."

ರೋಗಿಗಳ ಆ ಮಾತಿಗೆ ಎಷ್ಟು ಬೆಲೆ ಎಂಬುದು ಇವರಿಗೆ ತಿಳಿದದ್ದು ಕೆಲಸಕ್ಕೆ ಸೇರಿದ ಮೂರನೇ ವರ್ಷ. ಒಬ್ಬ ಬಡಗಿಯನ್ನು ಥಿಯೇಟರಿಗೆ ಕರೆದೊಯ್ಯುತ್ತಿದ್ದರು. ಲಿಫ್ಟಿನಲ್ಲಿ ಆತ ಮೆಲ್ಲಗೆ, "ಹಸಿವು ತಡೀಲಿಲ್ಲಕ್ಕಾ, ಬೆಳಗ್ಗೆ ಎರಡು ಬನ್ ತಿಂದ್ಬಿಟ್ಟೆ, ಯಾರಿಗೂ ಹೇಳ್ಬೇಡಿ" ಅಂದ. ಆಪರೇಷನ್ನಿಗೆ ಖಾಲಿ ಹೊಟ್ಟೆಯಲ್ಲೇ ಬರಬೇಕೆಂದು ಇವರಿಗೆ ಗೊತ್ತಿತ್ತು. ಥಿಯೇಟರಿನ ಬಾಗಿಲಲ್ಲಿ ನರ್ಸಿಗೆ ಹೇಳಹೋದರು. "ಆಮೇಲೆ ಹೇಳು, ದಾರಿ ಬಿಡು" ಎಂಬ ಉತ್ತರ ಬಂತು. ದಾರಿ ಬಿಟ್ಟರು. ಅರಿವಳಿಕೆ ಕೊಟ್ಟಾಗ ಆತನಿಗೆ ವಾಂತಿಯಾಗಿ ಅದು ಶ್ವಾಸಕೋಶಕ್ಕಿಳಿಯಿತು. ಹನ್ನೊಂದು ದಿನ ಒದ್ದಾಡಿ ಆತ ತೀರಿಕೊಂಡ.

ಇವರನ್ನು ಯಾರೂ ದೂರಲಿಲ್ಲ. ದೂರಲು ವಿಷಯ ಗೊತ್ತಿದ್ದವರಾದರೂ ಯಾರು? ಎರಡು ಕೋಣೆಯ ಮನೆಯಲ್ಲಿ ಜೊತೆಗಿರುವ, ಹೊಲಿಗೆ ಮಾಡುವ ನಾದಿನಿಗೆ ಮಾತ್ರ ಹೇಳಿಕೊಂಡು ಅತ್ತರು. "ಕಿವಿ ಕೇಳ್ತು, ಬಾಯಿ ಬರಲಿಲ್ಲ," ಎನ್ನುತ್ತಾರೆ ಈಗಲೂ.

ಹೋದ ವರ್ಷ ಮತ್ತೆ ಅಂಥದ್ದೇ ಗಳಿಗೆ ಎದುರಾಯಿತು. ಪಿತ್ತಕೋಶದ ಆಪರೇಷನ್ನಿಗೆ ಹೊರಟಿದ್ದ ಮುದುಕಿಯೊಬ್ಬರು ಇಳಿಜಾರಿನಲ್ಲಿ ಇವರ ಕೈ ಹಿಡಿದು ಗುಟ್ಟೊಂದನ್ನು ಹೇಳಿದರು. ಆಪರೇಷನ್ ವೇಳೆ ರಕ್ತಸ್ರಾವ ನಿಲ್ಲದೆ ಹೋದೀತೆಂದು, ರಕ್ತ ತೆಳುವಾಗಿಸುವ ಮಾತ್ರೆ ನಿಲ್ಲಿಸಲು ಡಾಕ್ಟರು ಹೇಳಿದ್ದರು. ನಿಲ್ಲಿಸಿದರೆ ಎದೆಯೇ ನಿಂತೀತೆಂದು ಹೆದರಿ ಅವರು ಹಿಂದಿನ ದಿನದವರೆಗೂ ನುಂಗಿದ್ದರು. ಕೇಳಿದವರಿಗೆಲ್ಲ "ನಿಲ್ಲಿಸಿದ್ದೀನಿ" ಎಂದಿದ್ದರು.

ಸರ್ಜನ್ ಆಗಲೇ ಕೈ ತೊಳೆದು ಸಿದ್ಧರಾಗಿದ್ದರು. ಮೂಗಿನ ತುದಿಯಲ್ಲೇ ಕೋಪ ಇರುವ ಮನುಷ್ಯ. ಗಾಲಿಯಕ್ಕ ಬಾಗಿಲಲ್ಲೇ ಸ್ಟ್ರೆಚರ್ ನಿಲ್ಲಿಸಿ ಬ್ರೇಕ್ ಒತ್ತಿದರು.

"ನಿನ್ನ ಕೆಲಸ ತಳ್ಳೋದು. ಒಳಗೆ ತಗೊಂಡು ಬಾ," ಎಂದರು ಸರ್ಜನ್.

"ಹೌದು ಡಾಕ್ಟ್ರೇ. ತಳ್ಕೊಂಡು ಬರುವಾಗ್ಲೇ ಇವರು ಮಾತ್ರೆ ವಿಷಯ ಹೇಳಿದ್ದು. ನಿಮಗೆ ಹೇಳೋಕೆ ಹೆದರಿದ್ದಾರೆ. ಒಂದ್ಸಲ ಮಾಸ್ಕ್ ತೆಗೆದು ನೀವೇ ಕೇಳಿ. ಬೈಬೇಡಿ."

ಸರ್ಜನ್ ಹೊರಗೆ ಬಂದರು, ಮಾಸ್ಕ್ ಇಳಿಸಿ ಮುದುಕಿಯ ಮುಖದ ಹತ್ತಿರ ಬಾಗಿದರು. ಮುದುಕಿ ಅಳುತ್ತಲೇ ಎಲ್ಲ ಹೇಳಿದರು. ಆಪರೇಷನ್ ಎಂಟು ದಿನ ಮುಂದಕ್ಕೆ ಹೋಯಿತು, ಸುಸೂತ್ರವಾಗಿ ಮುಗಿಯಿತು.

ಅಂದು ಸರ್ಜನ್ ಒಂದು ಒಳ್ಳೆಯ ಮಾತೂ ಆಡಲಿಲ್ಲ. ಆದರೆ ಥಿಯೇಟರಿಗೆ ಸೇರಿಸಿಕೊಳ್ಳುವ ಮುನ್ನ ಭರ್ತಿಮಾಡುವ ಹಾಳೆಯಲ್ಲಿ ಮರುವಾರ ಹೊಸ ಸಾಲೊಂದು ಸೇರಿತ್ತು: ಕರೆತಂದವರ ಬಳಿ ರೋಗಿ ಏನಾದರೂ ಹೇಳಿದ್ದಾರೆಯೇ? "ನನಗೆ ಸುಳ್ಳು ಹೇಳಿದವರು ಅವರಿಗೆ ನಿಜ ಹೇಳಿದರು. ಅದು ನನ್ನನ್ನ ಬಹಳ ದಿನ ಕಾಡಿತು," ಎನ್ನುತ್ತಾರೆ ಸರ್ಜನ್. ಈಗ ಸ್ಟ್ರೆಚರ್ ತಳ್ಳಲು ಹೊಸದಾಗಿ ಸೇರುವವರೆಲ್ಲ ಮೊದಲ ವಾರ ಗಾಲಿಯಕ್ಕನ ಜೊತೆ ನಡೆಯಬೇಕು.

"ಕಲಿಸೋಕೆ ನನ್ನ ಹತ್ರ ಏನಿದೆ? ನಿಧಾನಕ್ಕೆ ನಡೀರಿ ಅಂತೀನಿ, ಅಷ್ಟೆ," ಎಂದು ಅವರು ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾರೆ.

ಏನಾದರೂ ಆಸೆ ಇದೆಯೇ ಎಂದು ಕೇಳಿದರೆ ಥಿಯೇಟರಿನ ಹೊರಗಿನ ಬರಿಗೋಡೆ ತೋರಿಸುತ್ತಾರೆ. ಅದಕ್ಕೊರಗಿ ಏಳೆಂಟು ಮಂದಿ ನೆಂಟರು ಕಾಯುತ್ತಿದ್ದಾರೆ.

"ಇಲ್ಲಿ ಎರಡು ಬೆಂಚು ಹಾಕ್ಸಿದ್ರೆ ಸಾಕು. ನಮ್ಮೆಜಮಾನ್ರು ಹೋದ ಸುದ್ದೀನ ನಾನು ಈ ಗೋಡೆ ಹತ್ರ ನಿಂತ್ಕೊಂಡೇ ಕೇಳಿದ್ದು. ಅಂಥ ಸುದ್ದಿ ನಿಂತ್ಕೊಂಡು ಕೇಳಬಾರದು."