ಎಂಟಕ್ಕೆ ನಾನು ಹೇಳಿಕೊಟ್ಟ ರೂಲ್

ಮೊನ್ನೆ ನನ್ನ ಮಾನ ಉಳಿಸುವುದಕ್ಕೆ ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಸುಳ್ಳು ಹೇಳಿದಳು. ನಾನು ಎದುರಿಗೇ ಕೂತಿದ್ದೆ. ಕೇಳಿಸಿಕೊಂಡೆ. ಸುಮ್ಮನಿದ್ದೆ.

ಎಷ್ಟು ಹೊತ್ತು ಅಂತ ಕೇಳಬೇಡಿ. ಹೆಚ್ಚು ಹೊತ್ತೇನಲ್ಲ. ಆದರೆ ಕೆಲಸ ಕೆಡುವುದಕ್ಕೆ ಸಾಕಾಗುವಷ್ಟು.

ಹುಡುಗಿಯ ಹೆಸರು ಚೈತ್ರ. ನಂಜನಗೂಡಿನಲ್ಲಿ ನಮ್ಮ ಪಕ್ಕದ ಮನೆಯವಳು, ಸರ್ಕಾರಿ ಶಾಲೆ, ಕನ್ನಡ ಮೀಡಿಯಂ. ಸಂಜೆ ನನ್ನ ಹತ್ತಿರ ಮ್ಯಾಥ್ಸ್ ಹೇಳಿಸಿಕೊಳ್ಳಲು ಬರುತ್ತಾಳೆ. ಟ್ಯೂಷನ್ ಅಲ್ಲ, ಟೈಂಪಾಸ್ (ನನಗೆ, ಅವಳಿಗಲ್ಲ). ಅವಳ ಅಮ್ಮ ರೂಪ ಬೀದಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದಾಳೆ, "ನಮ್ ಚೈತ್ರಂಗೆ ಕಾನ್ವೆಂಟ್ ಆಂಟಿ ಏಳ್ಕೊಡ್ತಾರೆ" ಅಂತ. ಛೇ, ಹಾಗೆಲ್ಲ ಹೇಳಬೇಡಮ್ಮ ಅನ್ನುತ್ತಲೇ ನಾನು ಸ್ವಲ್ಪ ನೆಟ್ಟಗೆ ಕೂರುತ್ತಿದ್ದೆ.

ಮೈಸೂರಿನ ಕಾನ್ವೆಂಟ್‌ನಲ್ಲಿ ಸಿಸ್ಟರ್ ನಮಗೆ ಡಿವಿಸಿಬಿಲಿಟಿ ರೂಲ್ಸನ್ನು ಪ್ರೇಯರ್ ಥರ ರಾಗವಾಗಿ ಹೇಳಿಸುತ್ತಿದ್ದರು. ಯಾವ ಸಂಖ್ಯೆ ಯಾವುದರಿಂದ ಶೇಷವಿಲ್ಲದೆ ಭಾಗವಾಗುತ್ತದೆ ಅಂತ ನೋಡಿದ ಕೂಡಲೇ ಹೇಳುವ ವಿದ್ಯೆ. ನಾವು ಕೈ ಕಟ್ಟಿಕೊಂಡು ಒಪ್ಪಿಸುತ್ತಿದ್ದೆವು. ಯಾಕೆ ಹೀಗೆ ಅಂತ ಯಾರೂ ಕೇಳಲಿಲ್ಲ. ಪ್ರೇಯರ್‌ನಲ್ಲಿ ಯಾರಾದರೂ ಯಾಕೆ ಅಂತ ಕೇಳುತ್ತಾರೆಯೇ?

ಆರರ ರೂಲ್ ನನಗೆ ರಾಗದ ಸಮೇತ ನೆನಪಿತ್ತು. ಎರಡರಿಂದಲೂ ಹೋಗಬೇಕು, ಮೂರರಿಂದಲೂ ಹೋಗಬೇಕು, ಆಗ ಆರರಿಂದಲೂ ಹೋಗುತ್ತದೆ. ಚೈತ್ರ ತಕ್ಷಣ ಹಿಡಿದಳು. ಆಮೇಲೆ ಕೇಳಿದಳು, "ಎಂಟಕ್ಕೆ ಅಜ್ಜಿ?"

ಎಂಟರದು ಮರೆತುಹೋಗಿತ್ತು. ಮರೆತಿದೆ ಕಣಮ್ಮ ಅಂದರೆ ಏನಾಗುತ್ತಿತ್ತು? ಅನ್ನಲಿಲ್ಲ. ಎರಡು ಮೂರಲಿ ಆರು. ಹಾಗಾದರೆ ಎರಡು ನಾಲ್ಕಲಿ ಎಂಟು. "ಸಿಂಪಲ್. ಎರಡರಿಂದಲೂ ನಾಲ್ಕರಿಂದಲೂ ಹೋದರೆ ಎಂಟರಿಂದಲೂ ಹೋಗುತ್ತೆ" ಅಂದೆ.

"ನಮ್ ಸಾರು ಕೊನೇ ಮೂರಂಕಿ ಎಂಟ್ರಲ್ಲಿ ಓಯ್ತದಾ ನೋಡು ಅಂದವ್ರೆ."

"ಅದು ಲಾಂಗ್ ಮೆಥಡ್. ಇದು ಶಾರ್ಟ್‌ಕಟ್. ನಮ್ಮ ಕಾನ್ವೆಂಟಿಂದು."

ಇಷ್ಟು ಹೇಳಿ ನಾನು ಕಾಫಿಗೆ ಎದ್ದೆ.

ತಿ. ನರಸೀಪುರದಲ್ಲಿ ಶಾಲಾ ಮಕ್ಕಳಿಗೆ ಗಣಿತದ ಕ್ವಿಜ್ ಇತ್ತು. ಶಾಲೆಯಿಂದ ಇಬ್ಬರು ಮಕ್ಕಳು ಮಾತ್ರ. ಅವರಲ್ಲಿ ಚೈತ್ರ ಒಬ್ಬಳು. ಹೊಸ ರಿಬ್ಬನ್ ತಂದಿದ್ದಳು. ಆಮೇಲೆ ಇದ್ದಕ್ಕಿದ್ದಂತೆ ನಮ್ಮ ಮನೆಗೆ ಬರುವುದನ್ನೇ ಬಿಟ್ಟಳು. ಕಾಂಪೌಂಡ್ ಹತ್ತಿರ ರೂಪ ಸಿಕ್ಕಾಗ ಕೇಳಿದೆ.

"ಏನೇಳ್ಲಿ ಬುಡಿ ಆಂಟಿ. ಮೇಷ್ಟ್ರು ಬೋರ್ಡ್ ಮೇಲೆ ಐದು ಸಾವ್ರದ ಮುನ್ನೂರ ಅದ್ನಾರು ಬರ್ದವ್ರೆ. ಎಂಟ್ರಲ್ಲಿ ಓಯ್ತದೆ ಅಂದವ್ಳೆ ಇವ್ಳು. ಭಾಗ್ಸು ನೋಡನ ಅಂದವ್ರೆ. ಭಾಗ್ಸುದ್ರೆ ನಾಕು ಉಳ್ದದೆ. ಆಗಾದ್ರೂ ಸುಮ್ಕಿರ್ಬಾರ್ದಾ? ಭಾಗಾಕಾರ ತಪ್ಪಾಗಿರ್ತದೆ ಸಾ, ರೂಲ್ ತಪ್ಪಾಗಲ್ಲ, ಅದು ಕಾನ್ವೆಂಟಿಂದು ಅಂದವ್ಳೆ."

ಕ್ಲಾಸೆಲ್ಲ ನಕ್ಕಿತಂತೆ. ಇವಳು ಅಳುತ್ತಲೇ ವಾದ ಮಾಡಿದಳಂತೆ. ಹೇಳಿದ ಮಾತು ಕೇಳದವಳನ್ನು ಸ್ಟೇಜ್ ಹತ್ತಿಸುವುದಿಲ್ಲ ಅಂತ ಮೇಷ್ಟ್ರು ಟೀಮ್‌ನಿಂದ ಕೈಬಿಟ್ಟರಂತೆ.

"ನೀವೇ ಬಂದು ಒಂದ್ಮಾತು ಏಳಿ ಆಂಟಿ. ರೂಲು ಸರ್ಯಾಗೇ ಅದೆ ಅಂತ."

ಒಳಗೆ ಬಂದು ಕೂತೆ. ಪೇಪರೂ ಬೇಕಾಗಲಿಲ್ಲ. ನಾಲ್ಕನ್ನೇ ತೆಗೆದುಕೊಳ್ಳಿ. ಎರಡರಿಂದ ಹೋಗುತ್ತದೆ. ನಾಲ್ಕರಿಂದಲೂ ಹೋಗುತ್ತದೆ. ಎಂಟರಿಂದ? ಐದಾರು ದಶಕ ಇಂಗ್ಲಿಷ್ ಮಾತಾಡಿದ ತಲೆಗೆ ಇಷ್ಟು ಹೊಳೆಯಲಿಲ್ಲ. ಎರಡಕ್ಕೂ ಮೂರಕ್ಕೂ ಸಂಬಂಧವಿಲ್ಲ, ಹಾಗಾಗಿ ಇಬ್ಬರ ಸಾಕ್ಷಿಗೂ ಬೆಲೆಯಿದೆ. ಆದರೆ ಎರಡು ನಾಲ್ಕರ ಹೊಟ್ಟೆಯಲ್ಲೇ ಕೂತಿದೆ. ಗಂಡನನ್ನು ಕೇಳಿದ ಮೇಲೆ ಅವನ ಹೆಂಡತಿಯನ್ನೂ ಕೇಳಿ, ನೋಡಿ ಎರಡು ಸಾಕ್ಷಿ ಸಿಕ್ಕಿತು ಅಂದ ಹಾಗಾಯಿತು ನನ್ನ ರೂಲ್.

ಮರುದಿನ ಶಾಲೆಗೆ ಹೋದೆ. ದಾರಿಯುದ್ದಕ್ಕೂ ವಾಕ್ಯ ಜೋಡಿಸಿಕೊಂಡಿದ್ದೆ. ಮಹದೇವಸ್ವಾಮಿ ಮೇಷ್ಟ್ರು ಎದ್ದು ನಿಂತು ತಮ್ಮ ಕುರ್ಚಿಯನ್ನೇ ಬಿಟ್ಟುಕೊಟ್ಟರು. ಚೈತ್ರಳನ್ನೂ ಕರೆಸಿದರು. ನಾನು ಇಂಗ್ಲಿಷ್‌ನಲ್ಲಿ ಶುರು ಮಾಡಿದೆ. (ನಾಚಿಕೆಯಾದಾಗ ನನಗೆ ಇಂಗ್ಲಿಷ್ ಬರುತ್ತದೆ. ಏನು ಮಾಡುವುದು.) ಆಕ್ಚುಯಲಿ, ಆ ಎಂಟರ ರೂಲ್ ಇದೆಯಲ್ಲ ಅನ್ನುವಷ್ಟರಲ್ಲಿ ಅವರೇ ಕೈಯಾಡಿಸಿದರು.

"ಅಯ್ಯೋ ಬಿಡಿ ಮೇಡಂ. ನಿಮ್ಮಂಥೋರು ಹಂಗೆ ಹೇಳ್ಕೊಡ್ತೀರಾ? ಆರರದ್ದನ್ನ ತಗೊಂಡೋಗಿ ಎಂಟಕ್ಕೆ ಅಂಟಿಸ್ಕೊಂಡವ್ಳೆ ಇವ್ಳು. ಅಲ್ವೇನಮ್ಮ?"

ಚೈತ್ರ ನನ್ನ ಮುಖ ನೋಡಿದಳು. ನಾನು ಬಾಯಿ ತೆರೆಯಬೇಕಿತ್ತು.

"ಊಂ ಸಾ" ಅಂದಳು. "ನಾನೇ ತಪ್ಪು ತಿಳ್ಕಂಡೆ. ಅಜ್ಜಿ ಸರ್ಯಾಗೇ ಏಳಿದ್ರು."

ಆಗ ನನಗೆ ಏನನ್ನಿಸಿತು ಗೊತ್ತೇ? ಸಮಾಧಾನ. ಬೇರೆ, ಸ್ವಲ್ಪ ಮರ್ಯಾದೆಯ ಪದ ಇದೆಯೇ ಅಂತ ಹುಡುಕಿದೆ. ಸಿಗಲಿಲ್ಲ.

ಆಮೇಲೆ ಹೇಳಿದೆ. ಇಲ್ಲ ಮೇಷ್ಟ್ರೇ, ತಪ್ಪು ನನ್ನದೇ, ಅವಳು ನಿಮ್ಮ ರೂಲ್ ನೆನಪಿಸಿದರೂ ನಾನೇ ಹಾಗೆ ಹೇಳಿಕೊಟ್ಟೆ ಅಂತ ಶುದ್ಧ ಕನ್ನಡದಲ್ಲಿ ಹೇಳಿದೆ. ಮೇಷ್ಟ್ರು ನಕ್ಕರು.

"ಎಷ್ಟು ದೊಡ್ಡ ಮನಸ್ಸು ಮೇಡಂ ನಿಮ್ದು. ಮಗೂನ ಉಳಿಸಕ್ಕೆ ನಿಮ್ ಮೇಲೆ ಹಾಕೊತಿದೀರಿ. ನೋಡೇ ಚೈತ್ರ, ನೋಡಿ ಕಲಿ."

ಇನ್ನೊಂದು ಸಲ ಹೇಳಿದೆ. ತಲೆಯಾಡಿಸಿದರು, ಟೀ ತರಿಸಿದರು. ನಾನು ಮೊದಲೇ ಬಾಯಿಬಿಟ್ಟಿದ್ದರೆ ನಂಬುತ್ತಿದ್ದರು. ಹುಡುಗಿ ಒಪ್ಪಿಕೊಂಡ ಮೇಲೆ ನನ್ನ ಸತ್ಯ ಬರೀ ಔದಾರ್ಯವಾಗಿಬಿಟ್ಟಿತು. ಬೇರೆ ಮಗುವಿನ ಹೆಸರು ಆಗಲೇ ಕಳಿಸಿದ್ದಾರಂತೆ. ಮುಂದಿನ ಸಲ ನೋಡೋಣ ಮೇಡಂ ಅಂದರು. ಅವರನ್ನು ದೂರಿ ಏನು ಪ್ರಯೋಜನ?

ಗೇಟಿನವರೆಗೆ ಚೈತ್ರ ಜೊತೆಗೆ ಬಂದಳು.

"ಯಾಕಮ್ಮ ಹಾಗೆ ಹೇಳಿದೆ?"

"ನಿಮ್ಮುನ್ನೂವೆ ನೋಡಿ ನಕ್ಬುಡೋರು ಅಜ್ಜಿ" ಅಂದಳು. ಅಷ್ಟೇ. ಬೆಲ್ ಹೊಡೆಯಿತು, ಓಡಿಹೋದಳು.

ಕ್ಲಾಸು ನಕ್ಕರೆ ಹೇಗಿರುತ್ತದೆ ಅಂತ ಅವಳಿಗೆ ಆಗಷ್ಟೇ ಗೊತ್ತಾಗಿತ್ತು. ನನಗೆ ಅದು ಆಗಬಾರದು ಅಂದುಕೊಂಡಳು. ನಾನು ಅವಳ ಬಗ್ಗೆ ಹಾಗೆ ಅಂದುಕೊಂಡೆನೇ?

ಕ್ವಿಜ್ ಮುಗಿಯಿತು. ಚೈತ್ರಳ ಬದಲು ಇನ್ನೊಂದು ಮಗು ಹೋಗಿ ಬಂತು. ಯಾರು ಗೆದ್ದರು ಅಂತ ಕೇಳುವ ಧೈರ್ಯ ನನಗಾಗಲಿಲ್ಲ. ರೂಪ ಬೀದಿಯಲ್ಲಿ ಈಗಲೂ ಕಾನ್ವೆಂಟ್ ಆಂಟಿ ಅಂತಲೇ ಅನ್ನುತ್ತಾಳೆ. ನಾನು ಬೇಗ ಒಳಗೆ ಬಂದುಬಿಡುತ್ತೇನೆ.

ಚೈತ್ರ ಮತ್ತೆ ಬರುತ್ತಿದ್ದಾಳೆ. ನಿನ್ನೆ ಹನ್ನೊಂದರ ರೂಲ್ ಹೇಳಿಕೊಟ್ಟೆ (ಪುಸ್ತಕ ನೋಡಿಕೊಂಡು). ಅವಳು ತಲೆಯಾಡಿಸಲಿಲ್ಲ. "ಇರಿ ಅಜ್ಜಿ, ಒಂದ್ಸಲ ಭಾಗ್ಸಿ ನೋಡ್ತೀನಿ" ಅಂದು ಪೆನ್ಸಿಲ್ ತೆಗೆದುಕೊಂಡಳು. ಒಳ್ಳೆಯದೇ. ಮ್ಯಾಥ್ಸ್ ಕಲಿಯಬೇಕಾದದ್ದೇ ಹಾಗೆ.

ಅವಳು ತಲೆಯೆತ್ತದೆ ಭಾಗಿಸುತ್ತಾಳೆ. ಶೇಷ ಸೊನ್ನೆ ಬರುವವರೆಗೂ ನಾನು ಉಸಿರು ಬಿಗಿಹಿಡಿದು ಕೂತಿರುತ್ತೇನೆ.